ಹೃತ್ಕರ್ಣದ ಕಂಪನ: ಆವರ್ತನದ ಲೆಕ್ಕ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಇಸಿಜಿ ಕಾಗದದ ಮೇಲೆ ಸಣ್ಣ ಚೌಕಗಳೂ, ಐದೈದು ಸಣ್ಣ ಚೌಕಗಳ ಅಗಲದ ದೊಡ್ಡ ಚೌಕಗಳೂ ಇರುತ್ತವೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುವುದರಿಂದ ಒಂದು ದೊಡ್ಡ ಚೌಕವೆಂದರೆ 0.2 ಸೆಕೆಂಡು. ಹೃತ್ಕರ್ಣದ ಕಂಪನ ಇರುವವರ ಇಸಿಜಿಯಲ್ಲಿ ವಿ1 ಎಂಬ ಸಾಲನ್ನು ಹತ್ತಿರದಿಂದ ನೋಡಿದರೆ, ಎತ್ತರದ ಚೂಪು ಮೊನೆಗಳ ನಡುವೆ ಸಮನಾಗಿ ಇರಬೇಕಾದ ಗೆರೆ ಸಣ್ಣಗೆ ನಡುಗುತ್ತಿರುವುದು ಕಾಣುತ್ತದೆ. ಆ ನಡುಕದ ಅಲೆಗಳು ದೊಡ್ಡ ಚೌಕಕ್ಕೆ ಒಂದರಂತೆ ಬರುತ್ತಿದ್ದರೆ ಅವುಗಳ ಆವರ್ತನ 5 ಹರ್ಟ್ಜ್, ಅಂದರೆ ನಿಮಿಷಕ್ಕೆ 300. ನಾಲ್ಕು ಸಣ್ಣ ಚೌಕಕ್ಕೆ ಒಂದರಂತೆ ಬರುತ್ತಿದ್ದರೆ 6.25 ಹರ್ಟ್ಜ್, ನಿಮಿಷಕ್ಕೆ 375. ಬರಿಗಣ್ಣಿಗೆ ಒಂದೇ ಒಂದು ಸಣ್ಣ ಚೌಕದಷ್ಟು ಕಾಣುವ ಈ ವ್ಯತ್ಯಾಸದಲ್ಲಿ ಕಾಯಿಲೆಯ ಬಗ್ಗೆ ಬಹಳಷ್ಟು ಸುದ್ದಿ ಅಡಗಿದೆ ಎಂಬ ನಂಬಿಕೆಯಿಂದ, ಕಳೆದ ಮೂರು ದಶಕಗಳಲ್ಲಿ ಹೃದ್ರೋಗ ತಜ್ಞರೂ ಎಂಜಿನಿಯರುಗಳೂ ಒಟ್ಟಿಗೆ ಕೂತು ಒಂದು ಇಡೀ ವಿದ್ಯೆಯನ್ನೇ ಬೆಳೆಸಿದ್ದಾರೆ. ಆ ನಂಬಿಕೆ ಎಷ್ಟರಮಟ್ಟಿಗೆ ನಿಜವಾಯಿತು ಎಂಬುದೇ ಈ ಲೇಖನದ ವಿಷಯ.

ಏಟ್ರಿಯಲ್ ಫಿಬ್ರಿಲೇಶನ್, ವೈದ್ಯರ ಬಾಯಲ್ಲಿ ಬರಿಯ ಎಎಫ್, ಹೃದಯದ ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳ ಕಾಯಿಲೆ. ಅಲ್ಲಿ ವಿದ್ಯುತ್ ಅಲೆಗಳು ನಿಮಿಷಕ್ಕೆ 300ರಿಂದ 600 ಬಾರಿ ಏಳುತ್ತವೆ. ಸ್ನಾಯು ಸಂಕುಚಿಸುವ ಬದಲು ಅದುರುತ್ತದೆ. ಆದರೂ ಮಣಿಕಟ್ಟಿನಲ್ಲಿ ಸಿಗುವ ನಾಡಿ 100 ಅಥವಾ 150ರ ಆಸುಪಾಸಿನಲ್ಲಿ, ಯಾವ ತಾಳಕ್ಕೂ ಸಿಗದಂತೆ ಇರುತ್ತದೆ. ಮೇಲಿನ ಕೋಣೆಗೂ ಕೆಳಗಿನ ಹೃತ್ಕುಕ್ಷಿಗಳಿಗೂ ನಡುವೆ ಇರುವ ಎವಿ ನೋಡ್ ಎಂಬ ಬಾಗಿಲು ಬಂದ ಅಲೆಗಳನ್ನೆಲ್ಲ ಬಿಡದೆ, ಕೆಲವನ್ನು ಮಾತ್ರ ಕೆಳಗೆ ದಾಟಿಸುವುದೇ ಇದಕ್ಕೆ ಕಾರಣ. ಕೈಗಡಿಯಾರದಂತೆ ಕಟ್ಟಿಕೊಳ್ಳುವ ಸ್ಮಾರ್ಟ್‌ವಾಚ್ ಹಸಿರು ಬೆಳಕು ಹಾಯಿಸಿ ಪತ್ತೆ ಮಾಡುವುದೂ ಈ ಕೆಳಗಿನ ಕೋಣೆಯ ತಾಳತಪ್ಪನ್ನೇ. ಮೇಲಿನ ಕೋಣೆಯ ವೇಗ ಅದಕ್ಕೆ ತಿಳಿಯದು. ಆವರ್ತನದ ಲೆಕ್ಕ ಹಾಕುವವರು ಹುಡುಕುವುದು ಬಾಗಿಲಿನ ಆಚೆ ನಡೆಯುವ ಗದ್ದಲವನ್ನು.

ಏಳು ದಿನದೊಳಗೆ ತಾನಾಗಿ ನಿಂತುಹೋಗುವ ಎಎಫ್ ಒಂದು ಬಗೆ. ಅದನ್ನು ಇಲ್ಲಿ ಬಂದುಹೋಗುವ ಎಎಫ್ ಎನ್ನೋಣ. ಏಳು ದಿನ ದಾಟಿಯೂ ಬಿಡದೆ ನಿಲ್ಲುವುದು ಪರ್ಸಿಸ್ಟೆಂಟ್ ಎಎಫ್. ಮೊದಲನೆಯದರ ಚಿಕಿತ್ಸೆಗೆ ದಾರಿ ತೆರೆದದ್ದು ಫ್ರಾನ್ಸಿನ ಬೋರ್ಡೋ. ಮಿಶೆಲ್ ಹೈಸಾಗೇರ್ ಮತ್ತು ಸಂಗಡಿಗರು 1998ರಲ್ಲಿ 45 ರೋಗಿಗಳನ್ನು ಪರೀಕ್ಷಿಸಿ, ಎಎಫ್ ಅನ್ನು ಹೊತ್ತಿಸುವ ಕಿಡಿಗಳಲ್ಲಿ ನೂರಕ್ಕೆ 94 ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳ ಒಳಗಿಂದ ಬರುತ್ತವೆ ಎಂದು ತೋರಿಸಿದರು. ಆ ಅಭಿಧಮನಿಗಳ ಬಾಯಿಯ ಸುತ್ತ, ರಕ್ತನಾಳದ ಮೂಲಕ ಹೃದಯಕ್ಕೆ ತೂರಿಸುವ ಕ್ಯಾಥೆಟರ್ ಎಂಬ ತೆಳು ಕೊಳವೆಯಿಂದ ಸುಟ್ಟು ಒಂದು ವಿದ್ಯುತ್ ಬೇಲಿ ಹಾಕಿದರೆ ಬಂದುಹೋಗುವ ಎಎಫ್ ಬಹುಪಾಲು ಹತೋಟಿಗೆ ಬರುತ್ತದೆ. ಬಿಡದೆ ನಿಲ್ಲುವ ಎಎಫ್ ಮಾತ್ರ ಈ ಬೇಲಿಗೆ ಅಷ್ಟಾಗಿ ಬಗ್ಗಲಿಲ್ಲ. ಕಿಡಿ ಹೊರಗೆ ಉಳಿದರೂ, ಒಳಗೆ ಹತ್ತಿಕೊಂಡ ಬೆಂಕಿ ತನ್ನಷ್ಟಕ್ಕೆ ಉರಿಯುತ್ತಿರುತ್ತದೆ. ಹಾಗಾದರೆ ಆ ಬೆಂಕಿಯನ್ನು ಉಳಿಸುತ್ತಿರುವ ಜಾಗ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುವ ಸಾಧನವಾಗಿ ಆವರ್ತನ ವಿಶ್ಲೇಷಣೆ ಪ್ರಯೋಗಶಾಲೆಯಿಂದ ಆಸ್ಪತ್ರೆಯ ಕ್ಯಾಥೆಟರ್ ಚಿಕಿತ್ಸಾ ಕೋಣೆಯಾದ ಕ್ಯಾಥ್‌ಲ್ಯಾಬಿಗೆ ಬಂತು.

ಅದರ ತಳಹದಿ ಹಳೆಯದು. ಎಷ್ಟೇ ಸಿಕ್ಕುಸಿಕ್ಕಾದ ಅಲೆಯಾದರೂ ಬೇರೆ ಬೇರೆ ಆವರ್ತನದ ಸರಳ ಅಲೆಗಳ ಕೂಡಿಕೆಯೆಂದು ಬಿಡಿಸಬಹುದು ಎಂಬುದನ್ನು ಜೋಸೆಫ್ ಫೂರಿಯೇ ಶಾಖದ ಹರಿವಿನ ಬಗ್ಗೆ ಬರೆಯುತ್ತಾ 1822ರಲ್ಲಿ ಮಂಡಿಸಿದರು. ಕೂಲಿ ಮತ್ತು ಟೂಕಿ 1965ರಲ್ಲಿ ಪ್ರಕಟಿಸಿದ ವೇಗದ ಲೆಕ್ಕಕ್ರಮದಿಂದ ಅದು ಕಂಪ್ಯೂಟರಿಗೆ ಕ್ಷಣದ ಕೆಲಸವಾಯಿತು. ಜಾತ್ರೆಯಲ್ಲಿ ನಾಲ್ಕಾರು ಡೊಳ್ಳಿನ ತಂಡಗಳು ಏಕಕಾಲಕ್ಕೆ ಬಾರಿಸುತ್ತಿರುವಾಗ ದೂರದ ಹೊಲದಲ್ಲಿ ನಿಂತವನಿಗೆ ಕೇಳುವುದು ಬರಿಯ ಗದ್ದಲ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಬಲವಾಗಿ ಕೇಳುವ ಲಯ ಯಾವುದೆಂದು ಫೂರಿಯೇ ಲೆಕ್ಕ ಹೇಳಬಲ್ಲದು. ಆ ಲಯವನ್ನು ಎಎಫ್ ಸಂದರ್ಭದಲ್ಲಿ ಪ್ರಧಾನ ಆವರ್ತನ ಎನ್ನುತ್ತಾರೆ. ಆ ಲಯವನ್ನು ಬಾರಿಸುತ್ತಿರುವವನು ಯಾರು, ಎಲ್ಲಿ ನಿಂತಿದ್ದಾನೆ ಎಂಬುದನ್ನು ಆ ಲೆಕ್ಕ ತಾನಾಗಿ ಹೇಳುವುದಿಲ್ಲ. ಮುಂದೆ ಬಂದ ತೊಡಕುಗಳೆಲ್ಲ ಈ ಎರಡು ಪ್ರಶ್ನೆಗಳನ್ನು ಒಂದೇ ಎಂದು ತಿಳಿದದ್ದರಿಂದ ಹುಟ್ಟಿದವು ಎಂದೇ ನನ್ನ ಅಭಿಪ್ರಾಯ.

ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅದರ ಬಲವೂ ಬಲಹೀನತೆಯೂ ಅಲ್ಲಿಯೇ ಇವೆ. ಹೃತ್ಕರ್ಣದ ಒಳಗೋಡೆಗೆ ಕ್ಯಾಥೆಟರಿನ ತುದಿ ತಾಗಿಸಿದಾಗ, ಅಲೆಯೊಂದು ಆ ಜಾಗವನ್ನು ದಾಟುವಾಗಲೆಲ್ಲ ಪರದೆಯ ಮೇಲೆ ಒಂದು ಕಿರಿದಾದ ಮೊನೆ ಮೂಡುತ್ತದೆ. ಅಲೆ ಬರುವ ದಿಕ್ಕು ಬದಲಾದಂತೆ ಮೊನೆ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಚಾಚುತ್ತದೆ. ಇದನ್ನು ನೇರವಾಗಿ ಫೂರಿಯೇ ಲೆಕ್ಕಕ್ಕೆ ಕೊಟ್ಟರೆ ಸಿಗುವುದು ಮೊನೆಯ ಚೂಪಿನ ವಿವರವೇ ಹೊರತು ಮೊನೆಗಳು ಎಷ್ಟೆಷ್ಟು ಹೊತ್ತಿಗೆ ಬರುತ್ತಿವೆ ಎಂಬುದಲ್ಲ. ಆದ್ದರಿಂದ ಬೊಟ್ಟೆರಾನ್ ಮತ್ತು ಸ್ಮಿತ್ 1995ರಲ್ಲಿ ವಿವರಿಸಿದ ಮೂರು ಹಂತದ ಶುದ್ಧೀಕರಣ ರೂಢಿಗೆ ಬಂತು. ಮೊದಲು 40ರಿಂದ 250 ಹರ್ಟ್ಜ್ ನಡುವಿನ ಅಂಶವನ್ನಷ್ಟೇ ಸೋಸಿ ಉಳಿಸಿಕೊಳ್ಳುವುದು. ನಂತರ ಕೆಳಗೆ ಚಾಚಿದ ಮೊನೆಗಳನ್ನೂ ಮೇಲಕ್ಕೆ ಮಗುಚುವುದು. ಕೊನೆಗೆ 20 ಹರ್ಟ್ಜ್‌ಗಿಂತ ಕೆಳಗಿನದನ್ನು ಮಾತ್ರ ಉಳಿಸಿಕೊಂಡು ನಯಗೊಳಿಸುವುದು. ಹೀಗೆ ಮಾಡಿದಾಗ ಮುಳ್ಳಿನಂಥ ಮೊನೆಗಳು ದುಂಡನೆಯ ದಿಬ್ಬಗಳಾಗುತ್ತವೆ. ದಿಬ್ಬಗಳ ಸಾಲನ್ನು ಫೂರಿಯೇ ಲೆಕ್ಕಕ್ಕೆ ಕೊಟ್ಟರೆ, ಯಾವ ಆವರ್ತನಕ್ಕೆ ಎಷ್ಟು ಬಲ ಎಂದು ತೋರಿಸುವ ರೋಹಿತ ಎಂಬ ಚಿತ್ರದಲ್ಲಿ 3ರಿಂದ 15 ಹರ್ಟ್ಜ್ ನಡುವೆ ಎಲ್ಲೋ ಒಂದು ಶಿಖರ ಎದ್ದು ನಿಲ್ಲುತ್ತದೆ. ಅದೇ ಆ ಜಾಗದ ಪ್ರಧಾನ ಆವರ್ತನ.

ಎಷ್ಟು ಹೊತ್ತಿನ ಸಂಕೇತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದೂ ಸಣ್ಣ ವಿಷಯವಲ್ಲ. ನಾಲ್ಕು ಸೆಕೆಂಡು ತೆಗೆದುಕೊಂಡರೆ 0.25 ಹರ್ಟ್ಜ್‌ಗಿಂತ ನವಿರಾದ ಅಂತರವನ್ನು ಬೇರ್ಪಡಿಸಲಾಗದು. 6 ಹರ್ಟ್ಜ್ ಎಂದರೆ ಎರಡು ಅಲೆಗಳ ನಡುವೆ 167 ಮಿಲಿಸೆಕೆಂಡು, 6.25 ಎಂದರೆ 160. ಅಂದರೆ ಏಳು ಮಿಲಿಸೆಕೆಂಡಿನಷ್ಟು ಅನಿಶ್ಚಿತತೆ ಲೆಕ್ಕದ ಒಳಗೇ ಇದೆ. ಹೆಚ್ಚು ಹೊತ್ತು ಅಳೆದರೆ ನವಿರು ಹೆಚ್ಚುತ್ತದೆ, ಆದರೆ ಅಷ್ಟು ಹೊತ್ತೂ ಅಲೆಗಳು ಒಂದೇ ಲಯದಲ್ಲಿದ್ದವು ಎಂದು ಊಹಿಸಬೇಕಾಗುತ್ತದೆ. ಎಎಫ್‌ಗೆ ಅಂಥ ಶಿಸ್ತು ಇಲ್ಲ.

ಈ ವಿದ್ಯೆಗೆ ಮೊದಲ ದೊಡ್ಡ ಗೆಲುವು ಸಿಕ್ಕಿದ್ದು ಕುರಿಗಳ ಹೃದಯದಲ್ಲಿ. ಎಎಫ್ ಎಂದರೆ ಗೊತ್ತುಗುರಿಯಿಲ್ಲದೆ ಅಲೆಯುವ ಹಲವು ಕಿರುಅಲೆಗಳ ಸಂತೆ ಎಂಬ ಗಾರ್ಡನ್ ಮೋ ಅವರ 1960ರ ದಶಕದ ವಾದ ಬಹುಕಾಲ ಮೇಲುಗೈ ಪಡೆದಿತ್ತು. ಅಮೆರಿಕದ ಸಿರಾಕ್ಯೂಸ್‌ನಲ್ಲಿ ಹೋಸೆ ಹಲೀಫೆ ಅವರ ತಂಡ, ವೋಲ್ಟೇಜಿಗೆ ತಕ್ಕಂತೆ ಹೊಳಪು ಬದಲಾಯಿಸುವ ಬಣ್ಣವನ್ನು ಕುರಿಯ ಹೃದಯಕ್ಕೆ ಉಣಿಸಿ ಕ್ಯಾಮರಾದಿಂದ ಅಲೆಗಳನ್ನು ಚಿತ್ರೀಕರಿಸಿತು. 2000ನೇ ಇಸವಿಯ ಹೊತ್ತಿಗೆ ಅವರಿಗೆ ಕಂಡದ್ದು ಬೇರೆಯೇ ಚಿತ್ರ: ಎಡ ಹೃತ್ಕರ್ಣದಲ್ಲಿ ಒಂದೆಡೆ ಸುಳಿಯಂತೆ ತಿರುಗುವ ಚಿಕ್ಕ ಮೂಲ, ಅಲ್ಲಿ ಅತಿ ಹೆಚ್ಚಿನ ಆವರ್ತನ, ಅಲ್ಲಿಂದ ಬಲಕ್ಕೆ ಹೋದಂತೆ ಆವರ್ತನ ಇಳಿಕೆ. ಸುಳಿಯ ಎಲ್ಲ ಅಲೆಗಳೂ ದೂರದವರೆಗೆ ಹಾಯಲಾರದೆ ದಾರಿಯಲ್ಲಿ ಒಡೆಯುವುದರಿಂದ ದೂರದಲ್ಲಿ ಎಣಿಕೆ ಕಡಿಮೆಯಾಗುತ್ತದೆ ಎಂದು ಅವರು ವಿವರಿಸಿದರು. ಗದ್ದಲದ ಹಿಂದೆ ಒಬ್ಬ ಯಜಮಾನನಿದ್ದಾನೆ, ಅತಿ ಹೆಚ್ಚಿನ ಆವರ್ತನವಿರುವ ಜಾಗವೇ ಅವನ ಮನೆ ಎಂಬ ಎಣಿಕೆ ಇಲ್ಲಿಂದ ಬಲವಾಯಿತು. ಪ್ರಾಣಿಪ್ರಯೋಗದ ಫಲಿತಾಂಶ ಇಷ್ಟು ಸ್ಫುಟವಾಗಿ ಬಂದಾಗ ಮನುಷ್ಯರಲ್ಲಿ ಅದನ್ನು ಹುಡುಕದೆ ಇರುವುದು ಯಾವ ತಜ್ಞನಿಗೂ ಸಾಧ್ಯವಿರಲಿಲ್ಲ.

ಪ್ರಶಾಂತನ್ ಸ್ಯಾಂಡರ್ಸ್ ಮತ್ತು ಬೋರ್ಡೋ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನ ಹುಡುಕಿದ್ದು ಅದನ್ನೇ. 32 ರೋಗಿಗಳ ಹೃತ್ಕರ್ಣದಲ್ಲಿ ಜಾಗದಿಂದ ಜಾಗಕ್ಕೆ ಕ್ಯಾಥೆಟರ್ ಸರಿಸಿ ಪ್ರಧಾನ ಆವರ್ತನದ ನಕ್ಷೆ ಬರೆದು, ನಂತರ ಅಬ್ಲೇಶನ್, ಅಂದರೆ ಕ್ಯಾಥೆಟರಿನಿಂದ ಸುಡುವ ಚಿಕಿತ್ಸೆ, ಮಾಡುತ್ತಾ ಆ ಜಾಗಗಳಲ್ಲಿ ಸುಟ್ಟಾಗ ಏನಾಯಿತೆಂದು ನೋಡಿದರು. ಬಂದುಹೋಗುವ ಎಎಫ್ ಇದ್ದವರಲ್ಲಿ ಎತ್ತರದ ಆವರ್ತನ ಬಹುಪಾಲು ಶ್ವಾಸಕೋಶದ ಅಭಿಧಮನಿಗಳ ಬಳಿಯೇ ಇತ್ತು, ಮತ್ತು 19 ಮಂದಿಯಲ್ಲಿ 17 ಮಂದಿಗೆ ಚಿಕಿತ್ಸೆಯ ನಡುವೆಯೇ ಎಎಫ್ ನಿಂತಿತು. ಬಿಡದೆ ನಿಂತ ಎಎಫ್ ಇದ್ದ 13 ಮಂದಿಯಲ್ಲಿ ಎತ್ತರದ ಆವರ್ತನದ ಜಾಗಗಳು ಹೃತ್ಕರ್ಣಗಳ ತುಂಬ ಚೆದುರಿದ್ದವು, ಬಲಗಡೆಯೂ ಇದ್ದವು. ಒಬ್ಬರಲ್ಲೂ ಎಎಫ್ ನಿಲ್ಲಲಿಲ್ಲ. ಈ ಅಧ್ಯಯನವನ್ನು ಹೆಚ್ಚಿನವರು ಆವರ್ತನ ನಕ್ಷೆಯ ಸಮರ್ಥನೆಯಾಗಿ ಉಲ್ಲೇಖಿಸಿದರು. ಅದರ ಎರಡನೆಯ ಅರ್ಧ ಮುಂದಿನ ಹತ್ತು ವರ್ಷದ ಎಚ್ಚರಿಕೆಯಾಗಿತ್ತು ಎಂಬುದು ಈಗ ಓದಿದರೆ ಎದ್ದು ಕಾಣುತ್ತದೆ.

ಎಚ್ಚರಿಕೆ ನಿಜವಾದದ್ದು 2014ರಲ್ಲಿ. ಸ್ಪೇನಿನ ಫೆಲಿಪೆ ಅತಿಯೆನ್ಸಾ ಮುಂದಾಳಾಗಿದ್ದ ರಾಡಾರ್-ಎಎಫ್ ಪ್ರಯೋಗದಲ್ಲಿ 232 ರೋಗಿಗಳನ್ನು ಸೇರಿಸಿಕೊಂಡು, ಎತ್ತರದ ಆವರ್ತನದ ಮೂಲಗಳನ್ನು ಸುಡುವ ವಿಧಾನವನ್ನು ಅಭಿಧಮನಿ ಬೇಲಿಯ ವಿಧಾನದ ಜೊತೆ ಇಟ್ಟು ನೋಡಲಾಯಿತು. ಬಿಡದೆ ನಿಲ್ಲುವ ಎಎಫ್‌ನಲ್ಲಿ ಬೇಲಿಯ ಜೊತೆಗೆ ಆವರ್ತನ ಮೂಲಗಳನ್ನೂ ಸುಟ್ಟದ್ದರಿಂದ ಹೆಚ್ಚಿನ ಲಾಭ ಸಿಗಲಿಲ್ಲ. ತೊಂದರೆಗಳು ಹೆಚ್ಚುವ ಒಲವು ಮಾತ್ರ ಕಂಡಿತು. ಮರುವರ್ಷ ಬಂದ ಸ್ಟಾರ್ ಎಎಫ್-2 ಇದೇ ಪಾಠವನ್ನು ಇನ್ನೊಂದು ಬದಿಯಿಂದ ಹೇಳಿತು. ಬಿಡದೆ ನಿಲ್ಲುವ ಎಎಫ್ ಇದ್ದ 589 ಮಂದಿಯಲ್ಲಿ ಬೇಲಿ ಮಾತ್ರ ಹಾಕಿಸಿಕೊಂಡವರಲ್ಲಿ 18 ತಿಂಗಳ ನಂತರ ನೂರಕ್ಕೆ 59 ಮಂದಿ ಎಎಫ್‌ನಿಂದ ಮುಕ್ತರಾಗಿದ್ದರು. ಬೇಲಿಯ ಜೊತೆ ಚೂರುಚೂರಾದ ಸಂಕೇತಗಳ ಜಾಗಗಳನ್ನೂ ಸುಡಿಸಿಕೊಂಡವರಲ್ಲಿ 49, ಸುಟ್ಟ ಹೆಚ್ಚುವರಿ ಗೆರೆಗಳನ್ನು ಎಳೆಸಿಕೊಂಡವರಲ್ಲಿ 46. ಹೆಚ್ಚು ಸುಟ್ಟಷ್ಟೂ ಹೆಚ್ಚು ಗುಣವಾಗುತ್ತದೆ ಎಂಬ ಆಸೆಗೆ ಇಲ್ಲಿ ಆಧಾರ ಸಿಗಲಿಲ್ಲ. ಹೃತ್ಕರ್ಣದ ಹಿಂಗೋಡೆಯನ್ನೂ ಬೇರ್ಪಡಿಸಿ ನೋಡಿದ 2023ರ ಕ್ಯಾಪ್ಲಾ ಪ್ರಯೋಗದಲ್ಲೂ ಎರಡು ಗುಂಪುಗಳ ಫಲಿತಾಂಶ ಸರಿಸುಮಾರು ಒಂದೇ ಆಗಿತ್ತು.

ಆವರ್ತನದ ನಕ್ಷೆ ಏಕೆ ಸೋತಿತು? ಮುಖ್ಯ ಕಾರಣ ನಕ್ಷೆ ಬರೆಯುವ ರೀತಿಯಲ್ಲೇ ಇದೆ. ಒಂದೇ ಕ್ಯಾಥೆಟರಿನಿಂದ ನೂರಾರು ಜಾಗಗಳನ್ನು ಒಂದೊಂದಾಗಿ ಮುಟ್ಟಿ, ಪ್ರತಿಯೊಂದರಲ್ಲೂ ಕೆಲವು ಸೆಕೆಂಡು ನಿಂತು ದಾಖಲಿಸುವುದೆಂದರೆ ಅರ್ಧ ಗಂಟೆಯ ಆಸುಪಾಸಿನ ಕೆಲಸ. ಮೊದಲ ಜಾಗದ ಸಂಖ್ಯೆಯನ್ನೂ ಕೊನೆಯ ಜಾಗದ ಸಂಖ್ಯೆಯನ್ನೂ ಒಂದೇ ಚಿತ್ರದಲ್ಲಿ ಪಕ್ಕಪಕ್ಕ ಬಣ್ಣ ಬಳಿದು ತೋರಿಸುವಾಗ, ಅಷ್ಟು ಹೊತ್ತೂ ಎಎಫ್ ಅದೇ ಭಂಗಿಯಲ್ಲಿ ನಿಂತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿರುತ್ತಾರೆ. ಹರಿಯುವ ಹೊಳೆಯ ಸುಳಿಗಳನ್ನು ಒಂದೊಂದೇ ಮೊಳ ದಾಟುತ್ತಾ ಗುರುತು ಹಾಕಿಕೊಂಡು, ಸಂಜೆ ಮನೆಗೆ ಬಂದು ಇದು ಹೊಳೆಯ ಚಿತ್ರ ಎಂದಂತೆ. ಎಡ ಹೃತ್ಕರ್ಣದೊಳಗೆ 64 ತಂತಿಗಳ ಬಲೂನನ್ನು ಇಟ್ಟು, ಗೋಡೆಯನ್ನು ಮುಟ್ಟದೆಯೇ ಎರಡು ಸಾವಿರಕ್ಕೂ ಹೆಚ್ಚು ಬಿಂದುಗಳ ಸಂಕೇತವನ್ನು ಏಕಕಾಲಕ್ಕೆ ಲೆಕ್ಕಹಾಕುವ ವಿಧಾನ ಬಂದಾಗ ಈ ಅನುಮಾನಕ್ಕೆ ಸಾಕ್ಷಿ ಸಿಕ್ಕಿತು. ಇಂಗ್ಲೆಂಡಿನ ಲೆಸ್ಟರ್ ಮತ್ತು ಲಂಡನ್ ತಂಡಗಳು ಬಿಡದೆ ನಿಲ್ಲುವ ಎಎಫ್‌ನಲ್ಲಿ ಎತ್ತರದ ಆವರ್ತನದ ಜಾಗ ಕಾಲದಿಂದ ಕಾಲಕ್ಕೆ ಸ್ಥಳ ಬದಲಾಯಿಸುತ್ತದೆ, ಕೆಲವೊಮ್ಮೆ ಅಲೆದಾಡಿ ಹಿಂದಿನ ಜಾಗಕ್ಕೇ ಮರಳುತ್ತದೆ ಎಂದು ತೋರಿಸಿದವು. ಅಂದಮೇಲೆ ಬೆಳಿಗ್ಗೆ ಗುರುತಿಸಿದ ಜಾಗವನ್ನು ಮಧ್ಯಾಹ್ನ ಸುಟ್ಟರೆ, ಯಜಮಾನ ಹೊರಟುಹೋದ ಮನೆಗೆ ಬೀಗ ಹಾಕಿದಂತಾಗುತ್ತದೆ.

ಇನ್ನೊಂದು ಕಾರಣ ಸಂಖ್ಯೆಯೇ ಕೊಡುವ ಮೋಸ. ಒಂದು ಜಾಗದಲ್ಲಿ ಪ್ರತಿ ಅಲೆಯೂ ಸೀಳಿ ಎರಡೆರಡು ಮೊನೆಗಳನ್ನು ಸಮ ಅಂತರದಲ್ಲಿ ಮೂಡಿಸುತ್ತಿದ್ದರೆ ಕಂಪ್ಯೂಟರು 6ರ ಬದಲು 12 ಹರ್ಟ್ಜ್ ಎನ್ನುತ್ತದೆ. ಹಾನಿಗೊಂಡು ನಿಧಾನವಾದ ಸ್ನಾಯು ಅತಿವೇಗದ ಮೂಲದಂತೆ ಕಾಣುತ್ತದೆ. ಎಡ ಹೃತ್ಕರ್ಣಕ್ಕೂ ಅದರ ಕೆಳಗಿನ ಕೋಣೆಗೂ ನಡುವಿನ ಮೈಟ್ರಲ್ ಕವಾಟದ ಹತ್ತಿರ ಕೆಳಗಿನ ಕೋಣೆಯ ಬಲವಾದ ಸಂಕೇತ ನುಸುಳುತ್ತದೆ. ಲಯ ಒಡೆದುಹೋದಾಗ ರೋಹಿತದಲ್ಲಿ ಒಂದು ಶಿಖರದ ಬದಲು ಗುಡ್ಡಗಳ ಸಾಲೇ ಬರುತ್ತದೆ, ಅದರಲ್ಲಿ ಕೂದಲೆಳೆಯಷ್ಟು ಎತ್ತರದ್ದನ್ನು ಯಂತ್ರ ಪ್ರಧಾನ ಎಂದು ಘೋಷಿಸುತ್ತದೆ. ಹೀಗಾಗಿಯೇ ಬರಿಯ ಆವರ್ತನವನ್ನು ನೆಚ್ಚದೆ, ಶಿಖರದ ಸುತ್ತಲಿನ ಶಕ್ತಿ ಒಟ್ಟು ಶಕ್ತಿಯ ಎಷ್ಟನೇ ಪಾಲು ಎಂಬ ಕ್ರಮಬದ್ಧತೆಯ ಸೂಚ್ಯಂಕವನ್ನೂ ಜೊತೆಗಿಟ್ಟು ನೋಡುತ್ತಾರೆ. ಸೂಚ್ಯಂಕ ತೀರಾ ಕಡಿಮೆಯಿದ್ದರೆ ಆ ಜಾಗದ ಸಂಖ್ಯೆಗೆ ಬೆಲೆಯಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಈ ವಿದ್ಯೆಯನ್ನು ಮೂಲೆಗೆ ಹಾಕಬೇಕು ಎನ್ನಿಸಬಹುದು. ಹಾಗೆ ಮಾಡಿದರೆ ನಷ್ಟವಾಗುತ್ತದೆ. ಎಲ್ಲಿ ಎಂಬ ಪ್ರಶ್ನೆಗೆ ತಡವರಿಸಿದ ಆವರ್ತನದ ಲೆಕ್ಕ, ಕಾಯಿಲೆ ಎಷ್ಟು ದೂರ ಸಾಗಿದೆ ಎಂಬ ಪ್ರಶ್ನೆಗೆ ಸಾಕಷ್ಟು ನೇರವಾಗಿ ಉತ್ತರಿಸುತ್ತದೆ. ನೆದರ್‌ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ಅಲ್ಲೆಸ್ಸಿ ಅವರ ತಂಡ 1995ರಲ್ಲಿ ಆಡುಗಳ ಮೇಲೆ ಮಾಡಿದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಎಎಫ್ ನಿಂತಾಗಲೆಲ್ಲ ಯಂತ್ರವೊಂದು ಅದನ್ನು ಮತ್ತೆ ಹೊತ್ತಿಸುತ್ತಿತ್ತು. ಮೊದಲು ಕೆಲವೇ ಸೆಕೆಂಡು ಇರುತ್ತಿದ್ದ ಎಎಫ್, ಸುಮಾರು ಒಂದು ವಾರದಲ್ಲಿ 11 ಆಡುಗಳ ಪೈಕಿ 10ರಲ್ಲಿ ಇಡೀ ದಿನ ತಾನಾಗಿ ಉಳಿಯುವಂತಾಯಿತು. ಎಎಫ್‌ ಎಎಫ್‌ ಅನ್ನೇ ಹಡೆಯುತ್ತದೆ ಎಂಬ ಮಾತು ಹುಟ್ಟಿದ್ದು ಅಲ್ಲಿ. ವೇಗದ ಅಲೆಗಳ ಹೊಡೆತಕ್ಕೆ ಸ್ನಾಯುಕೋಶಗಳು ಕ್ಯಾಲ್ಸಿಯಂ ಒಳಬರುವ ದಾರಿಯನ್ನು ಕಿರಿದು ಮಾಡಿಕೊಳ್ಳುತ್ತವೆ, ಒಂದು ಅಲೆ ದಾಟಿದ ಮೇಲೆ ಬೇಕಾಗುವ ವಿಶ್ರಾಂತಿಯ ಅವಧಿ ಮೊಟಕಾಗುತ್ತದೆ, ವಿಶ್ರಾಂತಿ ಮೊಟಕಾದಷ್ಟೂ ಇನ್ನೂ ವೇಗದ ಅಲೆಗೆ ಜಾಗ ಸಿಗುತ್ತದೆ. ಆವರ್ತನವೆಂಬ ಒಂದು ಸಂಖ್ಯೆ ಈ ಮೊಟಕಾಗುವಿಕೆಯನ್ನು ಹೊರಗಿನಿಂದಲೇ ತೋರಿಸುತ್ತದೆ. ಹಲೀಫೆ ತಂಡವೇ 2014ರಲ್ಲಿ ಕುರಿಗಳಲ್ಲಿ ತೋರಿಸಿದಂತೆ, ಬಂದುಹೋಗುವ ಎಎಫ್ ಬಿಡದ ಎಎಫ್ ಆಗಿ ತಿರುಗುವ ಹಾದಿಯಲ್ಲಿ ಆವರ್ತನ ಏರುತ್ತಾ ಹೋಗುತ್ತದೆ, ಆ ಏರಿಕೆಯ ವೇಗವೇ ತಿರುವು ಎಷ್ಟು ಬೇಗ ಬರಲಿದೆ ಎಂಬುದರ ಮುನ್ಸೂಚನೆ. ತಿರುವು ದಾಟಿದ ಮೇಲೆ ಏರಿಕೆ ನಿಲ್ಲುತ್ತದೆ.

ಇದಕ್ಕೆ ಕ್ಯಾಥೆಟರ್ ಕೂಡ ಬೇಕಿಲ್ಲ. ಇಸಿಜಿಯಿಂದ ಕೆಳಗಿನ ಕೋಣೆಯ ಬಡಿತಗಳ ಸರಾಸರಿ ಆಕಾರವನ್ನು ಕಳೆದರೆ ಹೃತ್ಕರ್ಣದ ಸಣ್ಣ ಅಲೆಗಳು ಉಳಿಯುತ್ತವೆ; ಈ ಕಳೆಯುವ ವಿಧಾನವನ್ನು ನಯಗೊಳಿಸಿದವರಲ್ಲಿ ಸ್ವೀಡನ್ನಿನ ಲುಂಡ್‌ನ ಎಂಜಿನಿಯರುಗಳು ಮುಂಚೂಣಿಯಲ್ಲಿದ್ದರು. ವಿ1 ಬಲ ಹೃತ್ಕರ್ಣಕ್ಕೆ ಹತ್ತಿರವಿರುವುದರಿಂದ ಅಲ್ಲಿ ಸಿಗುವ ಆವರ್ತನ ಹೆಚ್ಚಾಗಿ ಬಲಗಡೆಯದು ಎಂಬುದನ್ನು ಮಾತ್ರ ಮರೆಯಬಾರದು. ಅಬ್ಲೇಶನ್‌ಗೆ ಮುನ್ನ ಇಸಿಜಿಯಲ್ಲಿ ಅಲೆಗಳ ನಡುವಿನ ಅಂತರ ಸುಮಾರು 140 ಮಿಲಿಸೆಕೆಂಡಿಗಿಂತ ಹೆಚ್ಚಿದ್ದವರಲ್ಲಿ, ಅಂದರೆ ಆವರ್ತನ 7 ಹರ್ಟ್ಜ್‌ನ ಒಳಗಿದ್ದವರಲ್ಲಿ, ಚಿಕಿತ್ಸೆಯ ವೇಳೆ ಎಎಫ್ ನಿಲ್ಲುವ ಸಾಧ್ಯತೆ ಹೆಚ್ಚು ಎಂದು ಬೋರ್ಡೋ ತಂಡ 2009ರಲ್ಲಿ ವರದಿ ಮಾಡಿತು. ಅಮಿಯೋಡರೋನ್‌ನಂಥ ಔಷಧಿ ಕೊಟ್ಟಾಗಲೂ ಆವರ್ತನ ಇಳಿಯುತ್ತದೆ. ಅಬ್ಲೇಶನ್ ನಡೆಯುತ್ತಿರುವಾಗ 6.5 ಹರ್ಟ್ಜ್ ಇದ್ದದ್ದು 5.5ಕ್ಕೆ ಇಳಿದರೆ, ಬೆಂಕಿ ಆರದಿದ್ದರೂ ಉರಿ ತಗ್ಗಿತು ಎಂಬುದು ತಜ್ಞರಿಗೆ ಗೊತ್ತಾಗುತ್ತದೆ. ಈ ಬಳಕೆಗಳಲ್ಲಿ ಯಜಮಾನನ ಮನೆ ಹುಡುಕುವ ಪ್ರಮೇಯವೇ ಇಲ್ಲ.

ಮನೆ ಹುಡುಕುವವರೂ ಸುಮ್ಮನೆ ಕೂತಿಲ್ಲ. ಕ್ರಮಬದ್ಧ ಮೂಲಗಳನ್ನು, ಅಲೆ ತನ್ನ ಸುತ್ತಿನ ಯಾವ ಹಂತದಲ್ಲಿದೆ (ಫೇಸ್) ಎಂಬ ಲೆಕ್ಕದಿಂದ ಹುಡುಕುವ ವಿಧಾನವನ್ನು ಸಂಜೀವ್ ನಾರಾಯಣ್ 2012ರಲ್ಲಿ ಮುಂದಿಟ್ಟಾಗ ಭಾರೀ ನಿರೀಕ್ಷೆ ಹುಟ್ಟಿತು. ಮುಂದಿನ ಪ್ರಯೋಗಗಳು ಆ ನಿರೀಕ್ಷೆಯನ್ನು ಪೂರೈಸಲಿಲ್ಲ. 2025ರಲ್ಲಿ ಪ್ರಕಟವಾದ ಟೈಲರ್ಡ್-ಎಎಫ್ ಪ್ರಯೋಗದಲ್ಲಿ ಕೃತಕ ಬುದ್ಧಿಮತ್ತೆ ಸಂಕೇತಗಳ ಚೆದುರುವಿಕೆಯನ್ನು ಗುರುತಿಸಿದ ಜಾಗಗಳನ್ನು ಬೇಲಿಯ ಜೊತೆಗೆ ಸುಟ್ಟಾಗ, ಒಂದು ವರ್ಷದ ನಂತರ ಎಎಫ್ ಇಲ್ಲದವರು ನೂರಕ್ಕೆ 88, ಬೇಲಿ ಮಾತ್ರ ಇದ್ದವರಲ್ಲಿ 70. ಆದರೆ ಎಎಫ್ ಹೋಗಿ ಬೇರೆ ಬಗೆಯ ವೇಗದ ಲಯಗಳು ಬಂದವರನ್ನೂ ಎಣಿಸಿದರೆ, ಒಂದೇ ಬಾರಿಯ ಚಿಕಿತ್ಸೆಯ ನಂತರ ಎರಡೂ ಗುಂಪುಗಳ ಅಂತರ ಬಹಳ ಕಿರಿದಾಗಿತ್ತು. ಯಂತ್ರ ಕಲಿತದ್ದು ಏನನ್ನು ಎಂದು ಕೇಳಿದರೆ, ಅನುಭವಿ ತಜ್ಞರ ಕಣ್ಣು ಹಿಡಿಯುತ್ತಿದ್ದ ವಿನ್ಯಾಸವನ್ನು; ಅದರೊಳಗೆ ವೇಗದ ಪಾಲೂ ಇದೆ, ವೇಗವೊಂದೇ ಇಲ್ಲ.

ಈ ಎಲ್ಲ ಪ್ರಯೋಗಗಳ ಬಗ್ಗೆ ನಮ್ಮಲ್ಲಿ ಓದುವಾಗ ಒಂದು ವ್ಯತ್ಯಾಸವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಪಶ್ಚಿಮದಲ್ಲಿ ಎಎಫ್ ಹೆಚ್ಚಾಗಿ ವಯಸ್ಸು, ರಕ್ತದೊತ್ತಡ, ತೂಕ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಇವುಗಳ ಸಂಗಾತಿ. ನಮ್ಮಲ್ಲಿ ಇವುಗಳ ಜೊತೆಗೆ, ಚಿಕ್ಕಂದಿನ ಗಂಟಲು ಸೋಂಕಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರ ಮೈಟ್ರಲ್ ಕವಾಟವನ್ನು ಕಿರಿದಾಗಿಸಿ, ಮೂವತ್ತು ನಲವತ್ತರ ವಯಸ್ಸಿಗೇ ಎಡ ಹೃತ್ಕರ್ಣವನ್ನು ಹಿಗ್ಗಿಸಿ ತಂದ ಎಎಫ್ ಇನ್ನೂ ಇದೆ. ಹೆಚ್ಚಿನ ಅಬ್ಲೇಶನ್ ಪ್ರಯೋಗಗಳು ಇಂಥವರನ್ನು ಹೊರಗಿಟ್ಟಿದ್ದರಿಂದ ಮೇಲಿನ ಯಾವ ಶೇಕಡಾವಾರನ್ನೂ ಇವರಿಗೆ ಹಾಗೇ ಅನ್ವಯಿಸಲಾಗದು. ರಕ್ತ ಹೆಪ್ಪುಗಟ್ಟದಂತೆ ನೋಡುವ ಮಾತ್ರೆಯ ವಿಷಯದಲ್ಲೂ ಇವರ ದಾರಿ ಬೇರೆ: 2022ರ ಇನ್ವಿಕ್ಟಸ್ ಪ್ರಯೋಗದ ನಂತರ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಬೇಡುವ ಹಳೆಯ ಮಾತ್ರೆಯೇ ಇವರಿಗೆ ಮೇಲು ಎಂಬ ನಿಲುವು ಗಟ್ಟಿಯಾಯಿತು.

ಆವರ್ತನದ ಲೆಕ್ಕ ಇಂಥವರಿಗೆ ಬಳಕೆಗೆ ಬರಬೇಕಾದರೆ ಮೊದಲು ಬೇಕಾದದ್ದು ದುಬಾರಿ ಯಂತ್ರವಲ್ಲ, ಉಳಿಯುವ ದಾಖಲೆ. ನಮ್ಮ ರೋಗಿಗಳು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು ತರುವ ಇಸಿಜಿ ಶಾಖಕ್ಕೆ ಅಚ್ಚಾಗುವ ಕಾಗದದ ಮೇಲಿನದು. ಎರಡು ಬೇಸಿಗೆ ಕಳೆದರೆ ಗೆರೆ ಮಾಸುತ್ತದೆ, ಅದರಲ್ಲೂ ವಿ1ರ ಸಣ್ಣ ಅಲೆಗಳು ಮೊದಲು ಮಾಯವಾಗುತ್ತವೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಹೃದಯಾಘಾತದ ಪತ್ತೆಗಾಗಿ ಅಂಕಿಯ ರೂಪದಲ್ಲೇ ದೂರಕ್ಕೆ ಹೋಗುತ್ತದೆ. ಹತ್ತು ಸೆಕೆಂಡಿನ ಅಂಥ ಒಂದು ದಾಖಲೆಯಿಂದ 0.1 ಹರ್ಟ್ಜ್ ನವಿರಿನಲ್ಲಿ ಹೃತ್ಕರ್ಣದ ಆವರ್ತನವನ್ನು ಲೆಕ್ಕಹಾಕಬಹುದು. ಅದೇ ವ್ಯಕ್ತಿ ಆರು ತಿಂಗಳ ನಂತರ ಮತ್ತೆ ಬಂದಾಗ ಹಳೆಯ ಸಂಖ್ಯೆ 5.4 ಇದ್ದದ್ದು ಈಗ 6.8 ಆಗಿದೆಯೇ ಎಂದು ನೋಡಲು, ಮೊದಲ ಸಲದ ಆ ಹತ್ತು ಸೆಕೆಂಡು ಎಲ್ಲೋ ಒಂದೆಡೆ ಉಳಿದಿರಬೇಕು.